ಹಳದಿ ಹುಚ್ಚಿರುವೆ ಬಂದ ಕಡೆ ಗೊದ್ದ, ಚಗಳಿ ಮಾಯ: ಇದನ್ನು ದಾಖಲೆಯಲ್ಲಿ ಹೇಗೆ ಬರೆಯಬೇಕು?

ಕಾನಂಚು
ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿಗೆ ಇರುವೆಗಳ ಪುಟ ಸಿದ್ಧವಾಗುತ್ತಿದೆ. ಜಾಗ ಮಲೆನಾಡಿನ ಅಂಚು: ಒಂದು ಕಡೆ ಕಾನು (ನಿತ್ಯಹಸಿರು ಕಾಡು), ಒಂದು ಕಡೆ ಅಡಿಕೆ, ಮೇಲಿನ ಗುಡ್ಡೆಯಲ್ಲಿ ಗೇರು. ಗೇರು ತೋಟದಲ್ಲೂ ರಸ್ತೆಬದಿಯಲ್ಲೂ ಉದ್ದ ಕಾಲಿನ ಹಳದಿ ಇರುವೆ ಎಲ್ಲೆಂದರಲ್ಲಿ ಹರಿದಾಡುತ್ತಿದೆ. ಅದು ಇರುವ ಕಡೆ ಚಗಳಿಯ (ಎಲೆ ಹೆಣೆದು ಮರದಲ್ಲಿ ಗೂಡು ಕಟ್ಟುವ ಕೆಂಪಿರುವೆ) ಗೂಡಿಲ್ಲ, ಗೊದ್ದ (ದೊಡ್ಡ ಕಪ್ಪಿರುವೆ) ಅಪರೂಪ. ಕರಡಿನಲ್ಲಿ ಈಗ ಇರುವ ಸಾಲು ಇದು: "ಹಳದಿ ಹುಚ್ಚಿರುವೆಯಿಂದ ಸ್ಥಳೀಯ ಇರುವೆಗಳು ನಾಶವಾಗಿವೆ." ಹೀಗೆ ಬರೆಯಬಹುದೇ? ಬರೆಯಲು ಏನೇನು ಆಧಾರ ಬೇಕು?

ಹತ್ತುಪಟ್ಟು_ಮಸೂರ
ಮೊದಲು ಅದು ಹುಚ್ಚಿರುವೆಯೇ ಎಂದು ಖಚಿತ ಮಾಡಿಕೊಳ್ಳಿ. "ಹಳದಿ, ಉದ್ದ ಕಾಲು" ಎಂಬಷ್ಟಕ್ಕೆ ಬೇರೆ ಇರುವೆಗಳೂ ಹೊಂದುತ್ತವೆ.

ಹಳದಿ ಹುಚ್ಚಿರುವೆ (ಅನೊಪ್ಲೊಲೆಪಿಸ್ ಗ್ರಾಸಿಲಿಪಿಸ್) ಆದರೆ ಕೆಲಸಗಾರ ಇರುವೆಗಳೆಲ್ಲ ಒಂದೇ ಅಳತೆ, 4ರಿಂದ 5 ಮಿ.ಮೀ. ಒಂದೇ ಸಾಲಿನಲ್ಲಿ ದೊಡ್ಡ ತಲೆಯವೂ ಚಿಕ್ಕ ತಲೆಯವೂ ಬೆರೆತಿದ್ದರೆ ಅದು ಬೇರೆ ಜಾತಿ, ಬಹುಶಃ ಗೊದ್ದನ ಬಳಗದ ತಿಳಿಬಣ್ಣದ ಯಾವುದೋ ಒಂದು. ಕುಡಿಮೀಸೆಯ ಗಣ್ಣು ಎಣಿಸಿ. ಹುಚ್ಚಿರುವೆಗೆ 11, ಗೊದ್ದನ ಬಳಗಕ್ಕೆ 12. ಮೀಸೆಯ ಮೊದಲ ಗಣ್ಣು ತಲೆಯ ಉದ್ದಕ್ಕಿಂತ ಬಹಳ ಉದ್ದವಾಗಿ ಹಿಂದಕ್ಕೆ ಚಾಚಿಕೊಂಡಿರುತ್ತದೆ. ಸೊಂಟದಲ್ಲಿ ಒಂದೇ ಗಂಟು. ಎರಡು ಗಂಟಿದ್ದು, ಮೀಸೆಯಲ್ಲಿ 10 ಗಣ್ಣಿದ್ದು, ತುದಿಯ ಎರಡು ಗಣ್ಣು ಗದೆಯಂತೆ ದಪ್ಪಗಿದ್ದರೆ ಅದು ಬೆಂಕಿ ಇರುವೆ, ಸೊಲೆನಾಪ್ಸಿಸ್ ಜೆಮಿನೇಟ. ಅದೂ ನಮ್ಮಲ್ಲಿ ಇದೆ, ಅದೂ ಹೊರಗಿನಿಂದ ಬಂದದ್ದೇ, ಆದರೆ ಅದು ಕೊಂಡಿಯಲ್ಲಿ ಚುಚ್ಚುತ್ತದೆ. ಹುಚ್ಚಿರುವೆಗೆ ಕೊಂಡಿಯಿಲ್ಲ, ಹೊಟ್ಟೆಯ ತುದಿಯಿಂದ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ.

ಮನೆಯೊಳಗೆ ಗೊತ್ತುಗುರಿಯಿಲ್ಲದೆ ಓಡುವ ಕಪ್ಪು ಸಣ್ಣ ಇರುವೆ (ಪ್ಯಾರಾಟ್ರೆಕಿನ ಲಾಂಗಿಕಾರ್ನಿಸ್) ಇನ್ನೊಂದು "ಹುಚ್ಚಿರುವೆ". ಅದರ ಉದ್ದ 3 ಮಿ.ಮೀ. ಒಳಗೆ, ಬಣ್ಣ ಕಪ್ಪು. ಚಗಳಿಯ ದೊಡ್ಡ ಕೆಲಸಗಾರ 8–10 ಮಿ.ಮೀ. ಇರುತ್ತದೆ, ಕೆಣಕಿದರೆ ಓಡುವುದಿಲ್ಲ, ಹೊಟ್ಟೆ ಮೇಲೆತ್ತಿ ನಿಲ್ಲುತ್ತದೆ. ಹುಚ್ಚಿರುವೆ ಕೆಣಕಿದರೂ ಕೆಣಕದಿದ್ದರೂ ಓಡುತ್ತಲೇ ಇರುತ್ತದೆ.

15–20 ಕೆಲಸಗಾರರನ್ನು 70% ಆಲ್ಕೊಹಾಲಿನಲ್ಲಿ ಇಡಿ. ಸೀಸೆಯೊಳಗೆ ಪೆನ್ಸಿಲಿನಲ್ಲಿ ಬರೆದ ಚೀಟಿ ಹಾಕಿ: ಜಾಗ, ದಿನ, ಯಾವುದರ ಮೇಲೆ ಸಿಕ್ಕಿತು. ಬಾಲ್‌ಪೆನ್ನಿನ ಶಾಯಿ ಆಲ್ಕೊಹಾಲಿನಲ್ಲಿ ಕರಗಿ ಚೀಟಿ ಖಾಲಿಯಾಗುತ್ತದೆ. ಫೋಟೊ ಮೂರು ಕೋನದಿಂದ ಬೇಕು, ಮುಖ ಎದುರಿನಿಂದ, ಪಕ್ಕದಿಂದ, ಮೇಲಿಂದ. ಮೇಲಿನಿಂದ ತೆಗೆದ ಒಂದೇ ಫೋಟೊದಲ್ಲಿ ಸೊಂಟದ ಗಂಟು ಕಾಣುವುದಿಲ್ಲ.

ಗೊದ್ದಸಾಲು
ಗುರುತು ಸರಿಯೆಂದು ಇಟ್ಟುಕೊಂಡು ಮುಂದೆ ಹೋಗೋಣ. ಈ ಇರುವೆ ಏಕೆ ಗೆಲ್ಲುತ್ತದೆ ಎಂದು ತಿಳಿಯದಿದ್ದರೆ ತೋಟದಲ್ಲಿ ಏನು ನೋಡಬೇಕೆಂಬುದೂ ತಿಳಿಯುವುದಿಲ್ಲ.

ಸಾಮಾನ್ಯವಾಗಿ ಒಂದು ಜಾತಿಯ ಇರುವೆಗಳಲ್ಲೇ ಗೂಡು ಗೂಡಿಗೆ ಜಗಳ ಇರುತ್ತದೆ. ಪಕ್ಕದ ಗೂಡಿನ ಮೈವಾಸನೆ ಬೇರೆ, ಹಾಗಾಗಿ ಗಡಿ ಕಾಯುವುದರಲ್ಲೇ ಅರ್ಧ ಶಕ್ತಿ ಹೋಗುತ್ತದೆ. ಹುಚ್ಚಿರುವೆಯ ಗೂಡುಗಳು ಒಂದಕ್ಕೊಂದು ಜಗಳವಾಡುವುದಿಲ್ಲ. ಒಂದೊಂದು ಗೂಡಿನಲ್ಲಿ ಹಲವು ರಾಣಿಗಳು. ಹೊಸ ಗೂಡಿಗೆ ರಾಣಿ ಹಾರಿ ಹೋಗಲೇಬೇಕೆಂದಿಲ್ಲ, ಒಂದಿಷ್ಟು ಕೆಲಸಗಾರರ ಜತೆ ನಡೆದೇ ಹೋಗಿ ನಾಲ್ಕು ಮಾರಿನಾಚೆ ಬೇರೆ ಬಿಡಾರ ಹೂಡುತ್ತದೆ. ಹೀಗೆ ಬೆಳೆದು ಬೆಳೆದು ಇಡೀ ಗುಡ್ಡೆಯೇ ಒಂದು ಮಹಾಗೂಡಾಗುತ್ತದೆ. ಹಿಂದೂ ಮಹಾಸಾಗರದ ಕ್ರಿಸ್‌ಮಸ್ ದ್ವೀಪದಲ್ಲಿ ಇಂಥ ಮಹಾಗೂಡುಗಳಲ್ಲಿ ನೆಲದ ಒಂದು ಚದರ ಮೀಟರಿಗೆ 1000ಕ್ಕೂ ಹೆಚ್ಚು ಇರುವೆಗಳು ಓಡಾಡುತ್ತಿದ್ದವು.

ಇಷ್ಟು ಹೊಟ್ಟೆಗೆ ಆಹಾರ ಎಲ್ಲಿಂದ? ಬೇಟೆಯೊಂದೇ ಸಾಲದು. ಶಲ್ಕ ಕೀಟ, ಹಿಟ್ಟು ತಿಗಣೆ, ಸಸ್ಯಹೇನುಗಳು ಸುರಿಸುವ ಸಿಹಿ ಅಂಟು ಇದರ ಇಂಧನ. ಇರುವೆ ಆ ಕೀಟಗಳನ್ನು ಕಾಯುತ್ತದೆ, ಕೀಟ ಹೆಚ್ಚುತ್ತದೆ, ಸಿಹಿ ಹೆಚ್ಚುತ್ತದೆ, ಇರುವೆಯೂ ಹೆಚ್ಚುತ್ತದೆ. ಎಲೆಯ ಮೇಲೆ ಕಾಡಿಗೆಯಂಥ ಬೂಷ್ಟು ಕಟ್ಟಿದ್ದರೆ ಈ ವ್ಯಾಪಾರ ಜೋರಾಗಿ ನಡೆದಿದೆ ಎಂದೇ ಅರ್ಥ.

ಸ್ಥಳೀಯ ಇರುವೆಗಳಲ್ಲಿ ಒಂದು ಹಂಚಿಕೆ ಇರುತ್ತದೆ. ಆಹಾರವನ್ನು ಬೇಗ ಪತ್ತೆ ಹಚ್ಚುವ ಜಾತಿ ಅದನ್ನು ಕಾದುಕೊಳ್ಳುವುದರಲ್ಲಿ ಹಿಂದೆ, ಕಾದುಕೊಳ್ಳುವ ಜಾತಿ ಪತ್ತೆ ಹಚ್ಚುವುದರಲ್ಲಿ ನಿಧಾನ. ಇದರಿಂದಲೇ ಹತ್ತಾರು ಜಾತಿ ಒಂದೇ ಮರದ ಬುಡದಲ್ಲಿ ಬಾಳುತ್ತವೆ. ಕ್ಯಾಲಿಫೋರ್ನಿಯದಲ್ಲಿ, ಅಲ್ಲಿಗೆ ಹೊರಗಿನಿಂದ ಬಂದ ಅರ್ಜೆಂಟೀನ ಇರುವೆಯ ಮೇಲೆ ನಡೆದ ಅಧ್ಯಯನಗಳು ತೋರಿಸಿದ್ದು ಇದನ್ನೇ: ಅದು ಮೊದಲು ಬರುವುದೂ ತಾನೇ, ಬಿಟ್ಟುಕೊಡದಿರುವುದೂ ತಾನೇ. ಬರೀ ಸಂಖ್ಯಾಬಲದಿಂದ ಆ ಹಂಚಿಕೆ ಮುರಿಯುತ್ತದೆ.

ಆದ್ದರಿಂದ ನನ್ನ ಮಟ್ಟಿಗೆ "ನಾಶವಾಗಿವೆ" ಎಂದು ಬರೆದರೆ ತಪ್ಪಿಲ್ಲ.

ಒರೆಗಲ್ಲು
ತಪ್ಪಿದೆ. ಹುಚ್ಚಿರುವೆ ಇದ್ದ ಕಡೆ ಗೊದ್ದ ಇಲ್ಲ ಎಂಬುದು ಕಂಡ ಸಂಗತಿ. ಹುಚ್ಚಿರುವೆಯಿಂದ ಗೊದ್ದ ಹೋಯಿತು ಎಂಬುದು ತೀರ್ಮಾನ. ಇವೆರಡನ್ನು ಬೆರೆಸಿದ್ದಕ್ಕೆ ಈ ವಿಜ್ಞಾನವೇ ಒಮ್ಮೆ ಪಾಠ ಕಲಿತಿದೆ.

ಅಮೆರಿಕದ ಟೆಕ್ಸಸ್‌ನಲ್ಲಿ, ಆಸ್ಟಿನ್ ನಗರದ ಬ್ರ್ಯಾಕನ್‌ರಿಡ್ಜ್ ಕ್ಷೇತ್ರ ಪ್ರಯೋಗಾಲಯದ ಜಾಗಕ್ಕೆ ದಕ್ಷಿಣ ಅಮೆರಿಕದ ಕೆಂಪು ಬೆಂಕಿ ಇರುವೆ (ಸೊಲೆನಾಪ್ಸಿಸ್ ಇನ್‌ವಿಕ್ಟ) ನುಗ್ಗಿತು. ಪೋರ್ಟರ್ ಮತ್ತು ಸ್ಯಾವಿನ್ಯಾನೊ 1990ರಲ್ಲಿ ಪ್ರಕಟಿಸಿದ ಫಲಿತಾಂಶ ಎಲ್ಲರೂ ಉದ್ಧರಿಸುವಂಥದ್ದು: ಸ್ಥಳೀಯ ಇರುವೆ ಜಾತಿಗಳು 70% ಕಡಿಮೆ, ಒಟ್ಟು ಸ್ಥಳೀಯ ಇರುವೆಗಳ ಸಂಖ್ಯೆ 90% ಕಡಿಮೆ. ಪಠ್ಯಗಳೆಲ್ಲ ಇಲ್ಲಿಗೇ ನಿಲ್ಲುತ್ತವೆ. ಆದರೆ ಅದೇ ಜಾಗಕ್ಕೆ 12 ವರ್ಷದ ನಂತರ ಮಾರಿಸನ್ ಹೋಗಿ ಅದೇ ರೀತಿಯಲ್ಲಿ ಮತ್ತೆ ಎಣಿಸಿದರು. ಬೆಂಕಿ ಇರುವೆ ಇನ್ನೂ ಅಲ್ಲೇ ಇತ್ತು, ಆಗಲೂ ಎಲ್ಲಕ್ಕಿಂತ ಹೆಚ್ಚು ಅದೇ. ಆದರೆ ಸ್ಥಳೀಯ ಜಾತಿಗಳ ವೈವಿಧ್ಯ ದಾಳಿಗೆ ಮೊದಲಿದ್ದ ಮಟ್ಟಕ್ಕೆ ಹತ್ತಿರ ಮರಳಿತ್ತು. ಮೊದಲ ಎಣಿಕೆ ಸುಳ್ಳಲ್ಲ, ಅದು ಅಲೆ ಅಪ್ಪಳಿಸಿದ ಹೊತ್ತಿನ ಚಿತ್ರ.

ಇನ್ನೊಂದು ಫ್ಲಾರಿಡದ್ದು. ಕಿಂಗ್ ಮತ್ತು ಚಿಂಕೆಲ್ ಅಪಲಾಚಿಕೋಲ ರಾಷ್ಟ್ರೀಯ ಅರಣ್ಯದಲ್ಲಿ ಪೈನ್ ಕಾಡಿನ ತುಂಡುಗಳನ್ನು ತೆಗೆದುಕೊಂಡು ಕೆಲವನ್ನು ಉತ್ತರು, ಕೆಲವಲ್ಲಿ ಹುಲ್ಲು ಸವರಿದರು, ಕೆಲವನ್ನು ಮುಟ್ಟದೆ ಬಿಟ್ಟರು. ಬೆಂಕಿ ಇರುವೆಯ ಗೂಡುಗಳನ್ನು ಕೈಯಾರೆ ತಂದು ಬಿಟ್ಟರು. 2008ರಲ್ಲಿ ಬಂದ ಫಲಿತಾಂಶ: ಸ್ಥಳೀಯ ಇರುವೆಗಳನ್ನು ಇಳಿಸಿದ್ದು ಮುಖ್ಯವಾಗಿ ನೇಗಿಲು. ಮುಟ್ಟದ ಕಾಡಿನಲ್ಲಿ ಬೆಂಕಿ ಇರುವೆ ಸರಿಯಾಗಿ ನೆಲೆಯೂರಲೇ ಇಲ್ಲ. ಅಂದರೆ ಅಲ್ಲಿ ಇರುವೆ ಗಾಡಿ ಹೊಡೆಯುತ್ತಿರಲಿಲ್ಲ, ಯಾರೋ ಹೊಡೆದ ಗಾಡಿಯಲ್ಲಿ ಕೂತು ಬಂದಿತ್ತು.

ನಿಮ್ಮ ಗೇರು ಗುಡ್ಡೆಗೆ ಇದನ್ನೇ ಕೇಳಿ ನೋಡಿ. ಜೆಸಿಬಿ ಹತ್ತಿದೆ, ಬುಡ ಸವರಿದ್ದಾರೆ, ಔಷಧಿ ಹೊಡೆದಿದ್ದಾರೆ. ಗೊದ್ದ ಹೋದದ್ದು ಯಾವುದರಿಂದ?

ಗೊದ್ದಸಾಲು
ಫ್ಲಾರಿಡದ್ದು ಒಂದೇ ರಾಣಿಯ ಗೂಡುಗಳು, ಟೆಕ್ಸಸ್‌ನದು ಬಹುರಾಣಿ ಗೂಡುಗಳು. ಜಾತಿ ಒಂದೇ ಆದರೂ ನಡತೆ ಬೇರೆ. ಒಂದೇ ರಾಣಿಯ ಗೂಡು ಗಡಿ ಕಾಯುತ್ತದೆ, ಅದರಿಂದ ಸಾಂದ್ರತೆ ಒಂದು ಮಿತಿಯಲ್ಲಿರುತ್ತದೆ. ಹುಚ್ಚಿರುವೆಯನ್ನು ಹೋಲಿಸಬೇಕಾದದ್ದು ಬಹುರಾಣಿಯದರ ಜತೆ.

ಮುಟ್ಟದ ಕಾಡಿಗೆ ನುಗ್ಗುವುದಿಲ್ಲ ಎಂಬುದೂ ಎಲ್ಲ ಇರುವೆಗೆ ಒಪ್ಪುವ ಮಾತಲ್ಲ. ಕ್ಯಾಲಿಫೋರ್ನಿಯದ ಹೊಳೆದಂಡೆ ಕಾಡುಗಳಲ್ಲಿ ಅರ್ಜೆಂಟೀನ ಇರುವೆ ಎಷ್ಟು ವೇಗವಾಗಿ ಹರಡಿತು ಎಂಬುದು ಹೊಳೆಯಲ್ಲಿ ಎಷ್ಟು ನೀರಿದೆ ಎಂಬುದನ್ನು ಅವಲಂಬಿಸಿತ್ತು. ಮನುಷ್ಯನ ಕೈವಾಡವಾಗಲಿ ಸ್ಥಳೀಯ ಜಾತಿಗಳು ಎಷ್ಟಿದ್ದವು ಎಂಬುದಾಗಲಿ ಅದನ್ನು ನಿರ್ಧರಿಸಲಿಲ್ಲ. ಸ್ಟ್ಯಾನ್‌ಫರ್ಡ್‌ನ ಜಾಸ್ಪರ್ ರಿಡ್ಜ್‌ನಲ್ಲಿ 1993ರಿಂದ ನಡೆದ ಎಣಿಕೆ ಇನ್ನೊಂದು ಸೂಕ್ಷ್ಮ ತೋರಿಸಿತು. ದಾಳಿಗೆ ಮೊದಲು ಯಾವ ಜಾತಿ ಯಾವುದರ ಜತೆ ಇರುತ್ತದೆ ಎಂಬುದಕ್ಕೊಂದು ಕ್ರಮವಿತ್ತು. ದಾಳಿಯಾದ ಜಾಗದಲ್ಲಿ ಉಳಿದವು ಅಡ್ಡಾದಿಡ್ಡಿ ಹಂಚಿಹೋಗಿದ್ದವು, ಕ್ರಮವೇ ಕಾಣುತ್ತಿರಲಿಲ್ಲ. ಜಾತಿ ಎಷ್ಟು ಉಳಿದವು ಎಂದು ಎಣಿಸುವವರಿಗೆ ಇದು ಗೊತ್ತೇ ಆಗುವುದಿಲ್ಲ.

ಹುಚ್ಚಿರುವೆಯದೇ ಬೇಕೆಂದರೆ, ಉತ್ತರ ಆಸ್ಟ್ರೇಲಿಯದ ಆರ್ನೆಮ್ ಲ್ಯಾಂಡಿನಲ್ಲಿ ಸ್ಥಳೀಯ ಇರುವೆಗಳು ದಟ್ಟವಾಗಿರುವ, ಕೆಡದ ಕಾಡಿನೊಳಗೂ ಅದು ನೆಲೆಯೂರಿದೆ.

ಒರೆಗಲ್ಲು
ಬಹುರಾಣಿಯ ಮಾತು ಒಪ್ಪಿದೆ. ಉಳಿದದ್ದೂ ಸರಿಯೇ. ಆದರೆ ಒಂದೊಂದು ಊರಿನಲ್ಲಿ ಒಂದೊಂದು ಬಗೆಯಾಗಿದೆ ಎಂದಾದ ಮೇಲೆ ನಮ್ಮೂರಿನಲ್ಲಿ ಯಾವ ಬಗೆ ಎಂದು ಅಳೆಯದೆ ಬರೆಯುವುದು ಹೇಗೆ?

ಇನ್ನೂ ಒಂದು ತೊಡಕು. ಈ ಇರುವೆಯ ಮೂಲ ಎಲ್ಲಿ ಎಂಬುದೇ ಚರ್ಚೆಯಲ್ಲಿದೆ. ಮೊದಲು ಆಫ್ರಿಕ ಎನ್ನುತ್ತಿದ್ದರು, ಈಗ ಆಗ್ನೇಯ ಏಷ್ಯ ಅಥವಾ ದಕ್ಷಿಣ ಏಷ್ಯದ ಕಡೆ ಬೆರಳು ತೋರಿಸುತ್ತಾರೆ. ಕ್ರಿಸ್‌ಮಸ್ ದ್ವೀಪದಲ್ಲಿ ಅದು ಖಂಡಿತ ಹೊರಗಿನದು. ಪಶ್ಚಿಮ ಘಟ್ಟದಲ್ಲಿ "ವಿದೇಶಿ" ಎಂಬ ಶಬ್ದ ಹಾಕುವ ಮೊದಲು ಎರಡು ಸಲ ಯೋಚಿಸಿ. "ಆಕ್ರಮಣಕಾರಿ ನಡತೆಯ" ಎನ್ನಿ, ಅಷ್ಟು ಸಾಕು.

ಚಗಳಿಗೂಡು
ಗೇರಿನ ವಿಷಯಕ್ಕೆ ಸೇರಿಸುತ್ತೇನೆ. ಚಗಳಿ ಇದ್ದ ಗೇರು ಮರದಲ್ಲಿ ಟೀ ಸೊಳ್ಳೆಯ (ಹೆಸರು ಸೊಳ್ಳೆ, ನಿಜಕ್ಕೆ ಚಿಗುರು ಹೀರುವ ತಿಗಣೆ) ಹಾವಳಿ ಕಡಿಮೆ, ಏಕೆಂದರೆ ಚಗಳಿ ಚಿಗುರಿನ ಮೇಲೆ ಗಸ್ತು ತಿರುಗುತ್ತದೆ. ಚಿಗುರು, ಹೂ, ಕಾಯಿ ಕಟ್ಟುವಾಗ ಎಂದು ಮೂರು ಸಲ ಔಷಧಿ ಹೊಡೆದರೆ ಮರದ ಮೇಲೆ ಎಲೆಗೂಡಿನಲ್ಲಿರುವ ಚಗಳಿ ಮೊದಲು ಸಾಯುತ್ತದೆ. ಹುಚ್ಚಿರುವೆಯ ರಾಣಿಗಳು ಮಣ್ಣಿನೊಳಗೆ, ತರಗೆಲೆಯಡಿ, ಕಲ್ಲಿನ ಸಂದಿಯಲ್ಲಿರುತ್ತವೆ. ಅವಕ್ಕೆ ಔಷಧಿ ತಾಗುವುದೇ ಇಲ್ಲ. ವಾರದೊಳಗೆ ಖಾಲಿ ಮರ ಹತ್ತುತ್ತವೆ. ಒಮ್ಮೆ ಹತ್ತಿ ಹಿಟ್ಟು ತಿಗಣೆ ಕಾಯತೊಡಗಿದರೆ ಚಗಳಿಗೆ ಮತ್ತೆ ಜಾಗ ಸಿಗುವುದು ಕಷ್ಟ.

ಇಂಥ ಜಗಳಕ್ಕೆ ಹಳೆಯ ಉದಾಹರಣೆ ಸಾಲೊಮನ್ ದ್ವೀಪಗಳ ತೆಂಗಿನ ತೋಟ. ಅಲ್ಲಿ ಆಂಬ್ಲಿಪೆಲ್ಟ ಎಂಬ ತಿಗಣೆ ಎಳೆಗಾಯಿ ಚುಚ್ಚಿ ಉದುರಿಸುತ್ತದೆ. ಚಗಳಿ ಇದ್ದ ಮರದಲ್ಲಿ ಕಾಯಿ ನಿಲ್ಲುತ್ತಿತ್ತು. ದಪ್ಪತಲೆ ಇರುವೆ (ಫೈಡೋಲೆ ಮೆಗಾಸೆಫಾಲ) ಚಗಳಿಯನ್ನು ಓಡಿಸಿದ ಮರದಲ್ಲಿ ಉದುರುತ್ತಿತ್ತು.

ಹಾಗಾಗಿ ದಾಖಲೆಯಲ್ಲಿ ಚಗಳಿಗೆ ಒಂದು ಪ್ರತ್ಯೇಕ ಅಂಕಣ ಕೊಡಿ: 50 ಮರಗಳಲ್ಲಿ ಎಷ್ಟು ಮರಕ್ಕೆ ಜೀವಂತ ಗೂಡಿದೆ. ಒಣಗಿ ಕಂದಾದ ಎಲೆಗೂಡನ್ನು ಎಣಿಸಬೇಡಿ, ಚಗಳಿ ಬಿಟ್ಟು ಹೋದ ಗೂಡು ತಿಂಗಳುಗಟ್ಟಲೆ ಮರದಲ್ಲೇ ನೇತಾಡುತ್ತದೆ. ಕೋಲಿನಲ್ಲಿ ತಟ್ಟಿ, ಹೊರಗೆ ಬಂದರೆ ಮಾತ್ರ ಒಂದು. (ಚಟ್ನಿಗೆ ಗೂಡು ಇಳಿಸುವವರನ್ನು ಕೇಳಿದರೆ ಯಾವ ಮರದಲ್ಲಿ ಯಾವಾಗಿನಿಂದ ಇಲ್ಲ ಎಂದು ಕರಾರುವಾಕ್ಕಾಗಿ ಹೇಳುತ್ತಾರೆ. ಹಳೆಯ ಲೆಕ್ಕ ಸಿಗುವ ದಾರಿ ಅದೊಂದೇ.)

ಎಲೆಕಸ
ಅಳೆಯುವ ಬಗೆ ನಾನು ಬರೆಯುತ್ತೇನೆ. ಒರೆಗಲ್ಲು ಕೇಳಿದ ಪ್ರಶ್ನೆಗೆ ಉತ್ತರ ಬೇಕಿದ್ದರೆ ಜಾಗ ಆರಿಸುವಾಗಲೇ ಜಾಣತನ ಬೇಕು. ಆಮೇಲೆ ಯಾವ ಲೆಕ್ಕಾಚಾರವೂ ಕಾಪಾಡುವುದಿಲ್ಲ.

ನಾಲ್ಕು ಬಗೆಯ ಜಾಗ ಹುಡುಕಿ. ಹುಚ್ಚಿರುವೆ ಇರುವ ತೋಟ, ಹುಚ್ಚಿರುವೆ ಇಲ್ಲದ ತೋಟ, ಹುಚ್ಚಿರುವೆ ಇರುವ ಕಾನು, ಹುಚ್ಚಿರುವೆ ಇಲ್ಲದ ಕಾನು. ಸಾಮಾನ್ಯವಾಗಿ ಎಲ್ಲರೂ ಮೊದಲನೆಯದನ್ನೂ ಕೊನೆಯದನ್ನೂ ಮಾತ್ರ ಹೋಲಿಸುತ್ತಾರೆ. ಅಲ್ಲಿ ತೋಟದ ಪರಿಣಾಮವೂ ಇರುವೆಯ ಪರಿಣಾಮವೂ ಒಂದರೊಳಗೊಂದು ಸೇರಿಹೋಗಿರುತ್ತವೆ, ಬಿಡಿಸಲಾಗದು. ನಡುವಿನ ಎರಡು ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಹುಚ್ಚಿರುವೆ ಇಲ್ಲದ ತೋಟದಲ್ಲೂ ಗೊದ್ದ ಇಲ್ಲವೆಂದರೆ ತಪ್ಪು ಇರುವೆಯದಲ್ಲ.

ಪ್ರತಿ ಬಗೆಯಲ್ಲಿ ಕನಿಷ್ಠ 3 ಜಾಗ, ಒಂದರಿಂದೊಂದು ಕೆಲವು ನೂರು ಮೀಟರು ದೂರ. ಒಂದೇ ತೋಟದಲ್ಲಿ ಇರುವೆ ಹಿಡಿಯಲು 20 ಲೋಟ ಹೂತರೆ 20 ಸಾಕ್ಷಿಯಾಗುವುದಿಲ್ಲ, ಒಂದೇ ಸಾಕ್ಷಿ. ಇದು ಎಲ್ಲರೂ ಎಡವುವ ಜಾಗ.

ಪ್ರತಿ ಜಾಗದಲ್ಲಿ 200 ಮೀಟರ್ ಗೆರೆ, 10 ಮೀಟರಿಗೊಂದರಂತೆ 20 ಬಿಂದು. ತರಗೆಲೆ ಇರುವೆಗಳಿಗೆ ಜಗತ್ತಿನ ಬಹುಕಡೆ ಇದೇ ಅಳತೆ ಬಳಸುವುದರಿಂದ ಮುಂದೆ ಬೇರೆಯವರ ಲೆಕ್ಕದ ಜತೆ ಹೋಲಿಸಬಹುದು.

ಗುಂಡಿಲೋಟ: ಬಾಯಿ 6–7 ಸೆಂ.ಮೀ. ಇರುವ ಪ್ಲಾಸ್ಟಿಕ್ ಲೋಟ, ಒಂದರೊಳಗೊಂದು ಎರಡು. ಹೊರಗಿನದು ಮಣ್ಣಿನಲ್ಲೇ ಉಳಿಯುತ್ತದೆ, ಒಳಗಿನದನ್ನು ಮಾತ್ರ ಎತ್ತುವುದು. ಅಂಚು ನೆಲಕ್ಕೆ ಸಮ ಇರಲೇಬೇಕು. ಒಂದು ಕಾಳಿನಷ್ಟು ಎತ್ತರವಾದರೂ ಸಣ್ಣ ಇರುವೆ ಸುತ್ತುಬಳಸಿ ಹೋಗುತ್ತದೆ. ಹೂತ ಕೂಡಲೇ ತೆರೆಯಬೇಡಿ, ಮುಚ್ಚಳ ಹಾಕಿ 5–7 ದಿನ ಬಿಡಿ. ಹೊಸದಾಗಿ ಕೆದಕಿದ ಮಣ್ಣಿಗೆ ಇರುವೆಗಳು ಮುತ್ತಿಕೊಳ್ಳುತ್ತವೆ, ಆ ಎಣಿಕೆ ಸುಳ್ಳು. ಆಮೇಲೆ ಮೂರನೇ ಒಂದು ಭಾಗ ನೀರು, ಒಂದು ಚಿಟಿಕೆ ಉಪ್ಪು, ವಾಸನೆಯಿಲ್ಲದ ಪಾತ್ರೆ ಸೋಪಿನ ದ್ರವ ಎರಡು ಹನಿ. ಸೋಪು ನೀರಿನ ಬಿಗಿತ ಮುರಿಯಲು, ಇಲ್ಲದಿದ್ದರೆ ಇರುವೆ ತೇಲಿ ಹತ್ತಿ ಹೋಗುತ್ತದೆ. ಮಳೆಗೆ ಮೇಲೊಂದು ಅಡಿಕೆ ಹಾಳೆ, ಮೂರು ಕಡ್ಡಿಯ ಮೇಲೆ 5 ಸೆಂ.ಮೀ. ಎತ್ತರದಲ್ಲಿ. 48 ಗಂಟೆ ಬಿಟ್ಟು ತೆಗೆಯಿರಿ. ಸೋಸುವಾಗ ಚಹಾ ಜರಡಿ ಸಾಲದು, 1 ಮಿ.ಮೀ. ಇರುವೆಗಳು ನುಸುಳಿಹೋಗುತ್ತವೆ. ಜರಡಿಯೊಳಗೆ ತೆಳು ಮಲ್ ಬಟ್ಟೆ ಹಾಸಿ.

ತರಗೆಲೆ: 1 ಚದರ ಮೀಟರ್ ಬಿದಿರು ಚೌಕಟ್ಟು ಇಟ್ಟು ಒಳಗಿನ ಎಲೆಕಸವನ್ನೆಲ್ಲ ಬಾಚಿ, 1 ಸೆಂ.ಮೀ. ಕಣ್ಣಿನ ಜಾಲರಿಯಲ್ಲಿ ಆಡಿಸಿ. ಬಿದ್ದ ಪುಡಿಯನ್ನು ಬಲೆಚೀಲದಲ್ಲಿ ತುಂಬಿ ಬಟ್ಟೆಚೀಲದೊಳಗೆ 48 ಗಂಟೆ ನೇತು ಹಾಕಿದರೆ, ಒಣಗುತ್ತಿದ್ದಂತೆ ಇರುವೆಗಳು ಕೆಳಗಿನ ಆಲ್ಕೊಹಾಲ್ ಸೀಸೆಗೆ ಇಳಿಯುತ್ತವೆ. ಜುಲೈನಲ್ಲಿ ಇದು ಕೈಕೊಡುತ್ತದೆ. ಗಾಳಿಯೇ ಒದ್ದೆ, ಕಸ ಒಣಗದು, ಇರುವೆ ಇಳಿಯದು. ಮಳೆ ಬಿಟ್ಟ ಮೇಲೆ, ನೆಲ ಪೂರ್ತಿ ಒಣಗುವ ಮೊದಲು ಮಾಡಿ.

ಆಮಿಷ: 5 ಸೆಂ.ಮೀ. ರಟ್ಟಿನ ಮೇಲೆ ಒಂದು ಬದಿ ಸಕ್ಕರೆ ನೀರಿನ ಹತ್ತಿ, ಇನ್ನೊಂದು ಬದಿ ಎಣ್ಣೆಯಲ್ಲಿಟ್ಟ ಡಬ್ಬಿ ಮೀನು ಒಂದು ಚಿಟಿಕೆ. 10, 30, 60 ನಿಮಿಷಕ್ಕೆ ನೋಡಿ ಬರೆಯಿರಿ. 10ಕ್ಕೆ ಯಾರಿದ್ದರು, 60ಕ್ಕೆ ಯಾರು ಉಳಿದರು ಎಂಬುದು ಗೊದ್ದಸಾಲು ಹೇಳಿದ ಪತ್ತೆ ಮತ್ತು ಕಾವಲಿನ ಲೆಕ್ಕ. ಆಮಿಷಕ್ಕೆ ಬರದ ಜಾತಿಗಳು ಎಷ್ಟೋ ಇವೆ, ಆದ್ದರಿಂದ ಜಾತಿ ಸಂಖ್ಯೆಗೆ ಇದನ್ನು ನಂಬಬೇಡಿ. ಬೆಳಿಗ್ಗೆ 7ರಿಂದ 9.30 ಒಮ್ಮೆ, ಕತ್ತಲಾದ ಮೇಲೆ ಒಮ್ಮೆ. ಗೊದ್ದನ ಬಳಗದಲ್ಲಿ ರಾತ್ರಿ ಓಡಾಡುವವು ಇವೆ. ಹಗಲು ಮಾತ್ರ ನೋಡಿ "ಇಲ್ಲ" ಎಂದು ಬರೆದ ಪಟ್ಟಿಗಳು ಬೇಕಾದಷ್ಟು.

ಕೊನೆಯದಾಗಿ, ಎಣಿಸಬೇಕಾದದ್ದು ಇರುವೆಗಳನ್ನಲ್ಲ, ಬಿಂದುಗಳನ್ನು. ಒಂದು ಇರುವೆ ಸಾಲಿನ ಮೇಲೆ ಲೋಟ ಬಿದ್ದರೆ 400 ಸಿಗುತ್ತವೆ, ಒಂದು ಮಾರು ಪಕ್ಕಕ್ಕಿದ್ದರೆ 2. ಹಾಗಾಗಿ "20ರಲ್ಲಿ ಎಷ್ಟು ಬಿಂದುಗಳಲ್ಲಿ ಈ ಜಾತಿ ಇತ್ತು" ಎಂದು ಬರೆಯಿರಿ. ಮುಂಗಾರಿನ ಮೊದಲ ಮಳೆಗೆ ಬೀಳುವ ರೆಕ್ಕೆಯ ರಾಣಿ, ಗಂಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅವು ಎಲ್ಲಿಂದಲೋ ಹಾರಿ ಬಂದವು.

ಕಾನಂಚು
ತುಂಬಾ ಉಪಕಾರ. ಆದರೆ 12 ಜಾಗ, 240 ಲೋಟ ಪಂಚಾಯಿತಿ ಸಮಿತಿಯ ಕೈಯಲ್ಲಾಗದು. ಕೆಲಸಕ್ಕೆ ಇಬ್ಬರು, ಸಿಗುವುದು ಮೂರು ದಿನ. ಏನು ಸಾಧ್ಯ?

ಎಲೆಕಸ
ಹಾಗಾದರೆ ರಟ್ಟಿನೆಣಿಕೆ. ಕ್ರಿಸ್‌ಮಸ್ ದ್ವೀಪದಲ್ಲಿ ಇದನ್ನೇ ಬಳಸುತ್ತಾರೆ. 20×20 ಸೆಂ.ಮೀ. ಬಿಳಿ ರಟ್ಟಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ನಾಲ್ಕು ಚೌಕ ಗೆರೆ ಎಳೆಯಿರಿ. ನೆಲದ ಮೇಲಿಟ್ಟು, ಒಂದೇ ಚೌಕ ಆರಿಸಿ, 30 ಸೆಕೆಂಡಿನಲ್ಲಿ ಅದನ್ನು ದಾಟುವ ಹುಚ್ಚಿರುವೆಗಳನ್ನು ಎಣಿಸಿ. 50 ಮೀಟರ್ ಗೆರೆಯಲ್ಲಿ 5 ಮೀಟರಿಗೊಂದರಂತೆ 11 ಸಲ. ಅಲ್ಲಿ 11ರ ಮೊತ್ತ 37 ದಾಟಿದರೆ ಮಹಾಗೂಡು ಎಂದು ಪರಿಗಣಿಸುತ್ತಾರೆ. ಆ 37 ಅಲ್ಲಿನ ಕೆಂಪು ಏಡಿಗಳಿಗೆ ಆಪತ್ತು ಶುರುವಾಗುವ ಮಟ್ಟ, ನಮ್ಮ ಗೊದ್ದನಿಗೂ ಅದೇ ಮಟ್ಟ ಎಂದು ತಿಳಿಯಬೇಡಿ. ಹೋಲಿಕೆಗೆ ಮಾತ್ರ ಬಳಸಿ. ಬಿಸಿಲು ನೆತ್ತಿಗೇರುವ ಮೊದಲು ಮುಗಿಸಿ, ಕಾದ ನೆಲದಲ್ಲಿ ಇವು ಓಡಾಟ ನಿಲ್ಲಿಸುತ್ತವೆ.

ಇದರ ಜತೆ ಮುಂಚೂಣಿ ಗುರುತು ಹಾಕಿ. ತೋಟದಿಂದ ಕಾನಿನೊಳಗೆ ನೇರ ಗೆರೆ ಹಿಡಿದು ನಡೆದು, ಹುಚ್ಚಿರುವೆ ಎಲ್ಲಿ ನಿಂತಿತೋ ಅಲ್ಲೊಂದು ಬಣ್ಣದ ಗೂಟ. ಗೂಟದಿಂದ 50 ಮೀಟರ್ ಆಚೆಗೂ ಈಚೆಗೂ 10 ಆಮಿಷ ಇಟ್ಟು ಯಾವ ಜಾತಿ ಬಂತೆಂದು ಬರೆಯಿರಿ. ಆರು ತಿಂಗಳಿಗೊಮ್ಮೆ ಅದೇ ಗೆರೆ. ಮುಂಚೂಣಿ ಕಾನಿನೊಳಗೆ ಸರಿದು, ಅದು ದಾಟಿದ ಬಿಂದುಗಳಲ್ಲೇ ಗೊದ್ದ ಇಳಿದು, ದಾಟದ ಬಿಂದುಗಳಲ್ಲಿ ಹಾಗೇ ಉಳಿದರೆ ಆಗ "ಇದರಿಂದ" ಎನ್ನಬಹುದು. ಮುಂಚೂಣಿ ಹೋದಲ್ಲಿಗೆ ಗೊದ್ದ ಮೊದಲೇ ಇರದಿದ್ದರೆ ಬೇರೆ ಕಾರಣ ಹುಡುಕಿ. ಇಬ್ಬರಿಗೆ ಎರಡು ದಿನದ ಕೆಲಸ.

ಮಣ್ಣಂಗಳ
ಇಷ್ಟೆಲ್ಲ ಅಳೆಯುವ ಬದಲು ಫಿಪ್ರೊನಿಲ್ ಕೀಟನಾಶಕದ ಹರಳು ಎರಚಿ ಮುಗಿಸಬಾರದೇ? ಕ್ರಿಸ್‌ಮಸ್ ದ್ವೀಪದಲ್ಲೂ ಅದನ್ನೇ ಹಾಕಿದ್ದಲ್ಲವೇ?

ಹತ್ತುಪಟ್ಟು_ಮಸೂರ
ಹೆಸರು ಒಂದೇ, ವಸ್ತು ಬೇರೆ. ಅಲ್ಲಿ ಹಾಕಿದ್ದು ಇರುವೆ ತಿನ್ನುವ ಮೀನುಹಿಟ್ಟಿನ ಆಮಿಷ, ಕಿಲೋಗೆ 0.1 ಗ್ರಾಂ ಫಿಪ್ರೊನಿಲ್. 2002ರಲ್ಲಿ ಹೆಲಿಕಾಪ್ಟರಿನಿಂದ ಹೆಕ್ಟೇರಿಗೆ 4 ಕಿಲೋ ಬಿತ್ತಿದರು, ಅಂದರೆ ಹೆಕ್ಟೇರಿಗೆ ವಿಷ 0.4 ಗ್ರಾಂ. ನಮ್ಮಲ್ಲಿ ಭತ್ತ, ಕಬ್ಬಿಗೆ ಸಿಗುವ ಹರಳು 0.3%, ಅಂದರೆ ಕಿಲೋಗೆ 3 ಗ್ರಾಂ. ಮೂವತ್ತು ಪಟ್ಟು ಗಟ್ಟಿ, ಅದರ ಮೇಲೆ ಅದು ಆಹಾರವೂ ಅಲ್ಲ. ಇರುವೆ ಅದನ್ನು ಹೊತ್ತೊಯ್ದು ರಾಣಿಗೆ ಉಣಿಸುವುದಿಲ್ಲ. ತಾಗಿದ ಕೆಲಸಗಾರ ಸಾಯುತ್ತದೆ, ರಾಣಿ ಬದುಕುತ್ತದೆ, ಪಕ್ಕದ ಗೊದ್ದ ಸಾಯುತ್ತದೆ, ಮಳೆಗೆ ಕರಗಿ ಹಳ್ಳಕ್ಕೆ ಹೋದರೆ ಏಡಿ, ಸೀಗಡಿ ಸಾಯುತ್ತವೆ. ಫಿಪ್ರೊನಿಲ್‌ಗೆ ಏಡಿ ಜಾತಿಯೂ ಜೇನೂ ಬಹಳ ಸೂಕ್ಷ್ಮ. ಆ ದ್ವೀಪದಲ್ಲೂ ತೆಂಗಿನ ಏಡಿಗಳನ್ನು ಬೇರೆ ಕಡೆ ಸೆಳೆಯಲು ಸೀಗಡಿ ಹಿಂಡಿ ಬೆರೆಸಿದ ಕೋಳಿ ಆಹಾರ ಹಾಕಬೇಕಾಯಿತು.

ಅಲ್ಲಿಗೂ ಇರುವೆ ಮುಗಿಯಲಿಲ್ಲ, ಮತ್ತೆ ಮತ್ತೆ ಎದ್ದಿತು. ಕೊನೆಗೆ ಇಂಧನದ ಕಡೆ ಕೈ ಹಾಕಿದರು. ಸಿಹಿ ಕೊಡುತ್ತಿದ್ದ ಅರಗು ಶಲ್ಕ ಕೀಟದ ಮೇಲೆ ಮೊಟ್ಟೆಯಿಡುವ, 2 ಮಿ.ಮೀ. ಚಿಲ್ಲರೆ ಉದ್ದದ ಕಣಜವನ್ನು ಮಲೇಷ್ಯದಿಂದ ತಂದು 2016ರ ಡಿಸೆಂಬರಿನಲ್ಲಿ ಬಿಟ್ಟರು.

ಪೂರ್ತಿ ತೆಗೆದ ಉದಾಹರಣೆಯೂ ಇದೆ. ಪೆಸಿಫಿಕ್‌ನ ಜಾನ್‌ಸ್ಟನ್ ಹವಳದ್ವೀಪ, 2010ರಲ್ಲಿ ಕಂಡುಬಂದದ್ದು, 2021ರಲ್ಲಿ ಇಲ್ಲವೆಂದು ಘೋಷಣೆ. ಸುತ್ತ ಕಡಲಿರುವ ಸಣ್ಣ ದ್ವೀಪಕ್ಕೇ ಹತ್ತು ವರ್ಷ ಹಿಡಿಯಿತು. ಗೇರು ಗುಡ್ಡೆಗೆ ನಾಲ್ಕು ದಿಕ್ಕಿನಿಂದಲೂ ಮತ್ತೆ ಬರುತ್ತದೆ.

ಮನೆ, ಕೊಟ್ಟಿಗೆ, ಜೇನುಪೆಟ್ಟಿಗೆಯ ಸುತ್ತ ಹತೋಟಿ ಬೇಕಿದ್ದರೆ ಬೋರಿಕ್ ಆಮ್ಲ. 250 ಗ್ರಾಂ ಸಕ್ಕರೆಗೆ ನೀರು ಸೇರಿಸಿ 1 ಲೀಟರ್ ಮಾಡಿ, ಅದಕ್ಕೆ 5ರಿಂದ 10 ಗ್ರಾಂ ಬೋರಿಕ್ ಆಮ್ಲ ಕರಗಿಸಿ. "ಇನ್ನಷ್ಟು ಹಾಕಿದರೆ ಬೇಗ ಸಾಯುತ್ತವೆ" ಎಂದು 3–4% ಮಾಡುವುದೇ ಎಲ್ಲರ ತಪ್ಪು. ಆಗ ಇರುವೆ ಮುಟ್ಟುವುದಿಲ್ಲ, ಮುಟ್ಟಿದ್ದೂ ಗೂಡು ತಲುಪುವ ಮೊದಲೇ ಸಾಯುತ್ತದೆ. ಬೋರ್ಯಾಕ್ಸ್ ಮಾತ್ರ ಸಿಕ್ಕರೆ ತೂಕ ಒಂದೂವರೆ ಪಟ್ಟು. ಮುಚ್ಚಳವಿರುವ ಡಬ್ಬಿಯಲ್ಲಿ ಹತ್ತಿ ಅದ್ದಿ ಇಟ್ಟು, ಬುಡದ ಬಳಿ 1.5 ಮಿ.ಮೀ. ತೂತುಗಳನ್ನು ಕೊರೆಯಿರಿ. 3 ಮಿ.ಮೀ. ಆದರೆ ಮಿಸರಿ ಜೇನು ನುಗ್ಗೀತು. ಎರಡು ಮೂರು ದಿನಕ್ಕೊಮ್ಮೆ ಬದಲಿಸಿ, ಹುಳಿ ಬಂದದ್ದನ್ನು ಇರುವೆ ಕುಡಿಯುವುದಿಲ್ಲ. ಮಕ್ಕಳ, ನಾಯಿಯ ಕೈಗೆ ಸಿಗಬಾರದು. ವಾರಗಟ್ಟಲೆ ಹಿಡಿಯುತ್ತದೆ. ಸಿಹಿಗೆ ಬರುವ ಸ್ಥಳೀಯ ಇರುವೆಯೂ ಇದನ್ನು ಕುಡಿದು ಸಾಯುತ್ತದೆ, ಆದ್ದರಿಂದ ಕಾನಿನೊಳಗೆ ಇಡಲೇಬೇಡಿ.

ಚಗಳಿಗೂಡು
ತೋಟದಲ್ಲಿ ಮಾಡಬಹುದಾದದ್ದು ಇಷ್ಟು: ಹಿಟ್ಟು ತಿಗಣೆ ಕಟ್ಟಿದ ರೆಂಬೆ ಸವರಿ ಸುಡಿ, ಚಗಳಿ ಇರುವ ಮರಗಳಿಗೆ ಔಷಧಿ ಬಿಟ್ಟುಬಿಡಿ, ಹುಚ್ಚಿರುವೆ ಇರುವ ತೋಟದ ಗೊಬ್ಬರ, ನರ್ಸರಿ ಚೀಲ, ಮರಳು ಬೇರೆ ಕಡೆ ಸಾಗಿಸಬೇಡಿ. ಚೀಲದ ಬುಡದ ತೇವದಲ್ಲಿ ರಾಣಿಯೂ ಮರಿಗಳೂ ಒಟ್ಟಿಗೇ ಕೂತಿರುತ್ತವೆ. ಸಾಗಿಸಲೇಬೇಕಿದ್ದರೆ ಚೀಲವನ್ನು ಬಿಳಿ ಹಾಳೆಯ ಮೇಲೆ ಎರಡು ಸಲ ಕುಕ್ಕಿ ಐದು ನಿಮಿಷ ನೋಡಿ.

ಮಣ್ಣಂಗಳ
ಒಪ್ಪಿದೆ. ಆದರೂ ಕೇಳುತ್ತೇನೆ, ಒಂದು ಇರುವೆ ಹೋಗಿ ಇನ್ನೊಂದು ಇರುವೆ ಬಂದರೆ ಕಾನಿಗೇನು ನಷ್ಟ?

ಗೊದ್ದಸಾಲು
ಇರುವೆ ಇರುವೆಯೇ, ಆದರೆ ಕೆಲಸ ಒಂದೇ ಅಲ್ಲ. ದಕ್ಷಿಣ ಆಫ್ರಿಕದ ಕುರುಚಲು ಕಾಡಿನಲ್ಲಿ ಹಲವು ಗಿಡಗಳ ಬೀಜಕ್ಕೆ ಒಂದು ಎಣ್ಣೆತುಣುಕು ಅಂಟಿರುತ್ತದೆ. ಸ್ಥಳೀಯ ಇರುವೆ ಅದರ ಆಸೆಗೆ ಬೀಜವನ್ನು ಗೂಡಿಗೊಯ್ದು, ಎಣ್ಣೆ ತಿಂದು, ಬೀಜವನ್ನು ಮಣ್ಣೊಳಗೆ ಬಿಡುತ್ತದೆ. ಅರ್ಜೆಂಟೀನ ಇರುವೆ ಎಣ್ಣೆಯನ್ನು ಅಲ್ಲೇ ತಿಂದು ಬೀಜವನ್ನು ನೆಲದ ಮೇಲೇ ಬಿಟ್ಟಿತು, ಇಲಿಗಳು ತಿಂದವು. ದೊಡ್ಡ ಬೀಜದ ಗಿಡಗಳ ಸಸಿ ಕಡಿಮೆಯಾದವು.

ಕೆನ್ಯದ ಲೈಕಿಪಿಯದಲ್ಲಿ ಇನ್ನೂ ಉದ್ದದ ಸರಪಳಿ. ಅಲ್ಲಿನ ಜಾಲಿ ಮರವನ್ನು ಆನೆಯಿಂದ ಕಾಯುತ್ತಿದ್ದದ್ದು ಅದರ ಮುಳ್ಳಿನೊಳಗೆ ವಾಸಿಸುವ ಸ್ಥಳೀಯ ಇರುವೆ. ದಪ್ಪತಲೆ ಇರುವೆ ಬಂದು ಅವನ್ನು ಕೊಂದಿತು, ಮರ ಕಾಯಲಿಲ್ಲ. ಆನೆಗಳು ಮರ ಮುರಿದವು, ಬಯಲು ತೆರೆಯಿತು, ಮರೆಯಲ್ಲಿ ಹೊಂಚುವ ಸಿಂಹಕ್ಕೆ ಜೀಬ್ರಾ ಸಿಗುವುದು ಕಷ್ಟವಾಯಿತು. ಸಿಂಹ ಕೊಂದ ಪ್ರಾಣಿಗಳಲ್ಲಿ ಜೀಬ್ರಾ 2003ರಲ್ಲಿ 67% ಇದ್ದದ್ದು 2020ಕ್ಕೆ 42% ಆಯಿತು, ಕಾಡೆಮ್ಮೆಯ ಪಾಲು ಏರಿತು. 2024ರಲ್ಲಿ ಪ್ರಕಟವಾದ ಕೆಲಸ.

ನಮ್ಮ ಪಕ್ಕದ್ದೇ ಬೇಕೆಂದರೆ, ಕಾಸರಗೋಡಿನ ಕೇಂದ್ರೀಯ ವಿಶ್ವವಿದ್ಯಾಲಯದವರು 2017ರಲ್ಲಿ ಸಿಹಿಗುಂಬಳದ ಹೂವಿನ ಮೇಲೆ ಹುಚ್ಚಿರುವೆ ಕೂತು ಪರಾಗ ತರುವ ಜೇನುಗಳನ್ನು ಕಾಡುವುದನ್ನು ದಾಖಲಿಸಿದ್ದಾರೆ. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಕರಂದಮಲೈ ಮೀಸಲು ಅರಣ್ಯದ ಸುತ್ತ 2022ರಲ್ಲಿ ದನ, ಮೇಕೆ ಕಾಯುವವರು ಇದೇ ಇರುವೆಯ ಕಾಟದ ಬಗ್ಗೆ ದೂರು ಕೊಟ್ಟರು.

ಕಾನಂಚು
ಸರಿ. ಗೂಟ, ರಟ್ಟು, ಆಮಿಷ ಮೂರೂ ನವೆಂಬರಿಗೆ ಇಟ್ಟುಕೊಂಡೆವು. ಅಲ್ಲಿಯವರೆಗೆ ದಾಖಲೆಗೆ ಈ ಸಾಲು ಆದೀತೇ?

"ಗೇರು ತೋಟದಲ್ಲೂ ಕಾನಿನ ಅಂಚಿನಲ್ಲೂ ಹಳದಿ ಹುಚ್ಚಿರುವೆ ದಟ್ಟವಾಗಿದೆ. ಅದು ಇರುವ ಕಡೆ ಚಗಳಿ, ಗೊದ್ದ ಅಪರೂಪ. ಹುಚ್ಚಿರುವೆಯೇ ಕಾರಣವೆಂದು ಖಚಿತವಾಗಿಲ್ಲ."

ಒರೆಗಲ್ಲು
"ದಟ್ಟ" ತೆಗೆದು ರಟ್ಟಿನ ಮೊತ್ತ ಹಾಕಿ. "ಅಪರೂಪ" ತೆಗೆದು 50 ಮರಗಳಲ್ಲಿ ಎಷ್ಟು ಜೀವಂತ ಗೂಡು, 10 ಆಮಿಷಗಳಲ್ಲಿ ಎಷ್ಟಕ್ಕೆ ಗೊದ್ದ ಎಂದು ಹಾಕಿ, ಹಗಲು ರಾತ್ರಿ ಬೇರೆ ಬೇರೆ. ತೋಟಕ್ಕೆ ಕೊನೆಯ ಸಲ ಔಷಧಿ ಹೊಡೆದ ತಿಂಗಳು, ಬುಡ ಸವರಿದ ತಿಂಗಳು ಪಕ್ಕದ ಅಂಕಣದಲ್ಲಿ ಬರಲಿ. ಮೂರನೇ ವಾಕ್ಯ ಹಾಗೇ ಇರಲಿ.

ಎಲೆಕಸ
ಗೂಟಕ್ಕೆ ಮರದ ಕಡ್ಡಿ ಬೇಡ, ಗೆದ್ದಲು ತಿಂದು ಮುಂದಿನ ಸಲ ಗೆರೆಯೇ ಸಿಗುವುದಿಲ್ಲ. ಕಬ್ಬಿಣದ ಸರಳು, ತುದಿಗೆ ಬಣ್ಣ, ಜಿಪಿಎಸ್ ಸಂಖ್ಯೆ ಪುಸ್ತಕದಲ್ಲಿ.